ಇಂದಿನ ಧಮ್ಮ ಚಿಂತನೆ: ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು?

ನಮೋ ಬುದ್ಧಾಯ. ಜೈ ಭೀಮ್.

ಈ ವಾರ ನಾವು ಪಂಚಶೀಲದ ಎರಡನೆಯ ಶೀಲವನ್ನು ಓದುತ್ತಿದ್ದೇವೆ. ಭಾನುವಾರದ ವಂದನೆ ಮುಗಿದ ಮೇಲೆ ಬಳಗದ ಒಬ್ಬ ತಾಯಿ ಕೇಳಿದ ಪ್ರಶ್ನೆಯೇ ಇಂದಿನ ಪಾಠ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ.

"ಮಗ ಕೆಲಸಕ್ಕೆ ಸೇರಿದ ಮೇಲೆ ಲ್ಯಾಪ್‌ಟಾಪ್ ತಗೊಂಡ. ದುಡ್ಡು ಕೊಟ್ಟು ಎಂ.ಎಸ್. ಆಫೀಸ್ ಹಾಕಿಸಿದ. ಅದು ಒಂದೇ ಕಂಪ್ಯೂಟರಿಗಂತೆ. ಈಗ ನನ್ನ ತಂಗಿ ಮಗಳು ಡಿಗ್ರಿ ಕೊನೇ ವರ್ಷ, ಪ್ರಾಜೆಕ್ಟ್ ವರದಿ ಬರೀಬೇಕು. ಯಾರೋ ಕೊಟ್ಟ ಹಳೇ ಲ್ಯಾಪ್‌ಟಾಪ್ ಇದೆ. ಮಗನದ್ದನ್ನೇ ಅವಳಿಗೂ ಹಾಕಿಕೊಟ್ಟರೆ ತಪ್ಪೇನು ಮೇಡಂ? ಮನೆಯೊಳಗಿನ ವಿಷಯ ತಾನೆ? ಒಂದೇ ಪಾತ್ರೆ ಅನ್ನ ಹಂಚಿಕೊಂಡು ಉಂಡವರು ನಾವು."

ಇದು ಸಣ್ಣ ಪ್ರಶ್ನೆಯಲ್ಲ. ಆ ಹುಡುಗಿ ಆ ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವಳು. ಅವಳ ವರದಿ ನಿಲ್ಲಬಾರದು. ಹಾಗೆಂದು ನಾವು ದಿನವೂ ಬಾಯಲ್ಲಿ ಹೇಳುವ ಶೀಲ ಬಾಯಲ್ಲೇ ಉಳಿಯಬಾರದು. ಎರಡನ್ನೂ ಉಳಿಸುವ ದಾರಿ ಇದೆಯೇ ನೋಡೋಣ.

*1. ಪದದ ಅರ್ಥ*

ಕನ್ನಡ ಟೀಚರಿಗೆ ಪದ ಬಿಡಿಸುವ ಚಟ ಬಿಡುವುದಿಲ್ಲ. ಎರಡನೆಯ ಶೀಲದ ಪಾಳಿ ಪದ 'ಅದಿನ್ನಾದಾನ'. ಇದನ್ನು ಅ + ದಿನ್ನ + ಆದಾನ ಎಂದು ಬಿಡಿಸಬೇಕು. 'ದಿನ್ನ' ಎಂದರೆ ಕೊಟ್ಟದ್ದು. ಸಂಸ್ಕೃತದ 'ದತ್ತ'ಕ್ಕೆ ಸಮ. 'ಆದಾನ' ಎಂದರೆ ತೆಗೆದುಕೊಳ್ಳುವುದು. ಒಟ್ಟು ಅರ್ಥ: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು.

ನಾವು ಇದನ್ನು ಸುಲಭವಾಗಿ 'ಕಳ್ಳತನ' ಎಂದು ಅನುವಾದಿಸಿಬಿಡುತ್ತೇವೆ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕದಿಯುವುದಿಲ್ಲ ಎನ್ನುವುದು ಒಂದು. ಆದರೆ ಕಳ್ಳತನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾತ್ರಿ ಗೋಡೆ ಹಾರುವವನು. ನಾವು ಅವನಲ್ಲ, ಆದ್ದರಿಂದ ಈ ಶೀಲ ನಮಗೆ ಸಲೀಸು ಎಂದುಕೊಳ್ಳುತ್ತೇವೆ. ಪಾಳಿ ಪದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 'ನೀನು ಕಳ್ಳನೇ?' ಎಂದು ಅದು ಕೇಳುತ್ತಿಲ್ಲ. 'ಇದನ್ನು ನಿನಗೆ ಕೊಟ್ಟರೇ?' ಎಂದು ಕೇಳುತ್ತಿದೆ.

*2. ಧನಿಯನ ಮರ*

ವಿನಯ ಪಿಟಕದಲ್ಲಿ ಈ ನಿಯಮ ಹುಟ್ಟಿದ ಕಥೆ ಇದೆ. ರಾಜಗೃಹದಲ್ಲಿ ಧನಿಯ ಎಂಬ ಭಿಕ್ಖು ಇದ್ದ. ಕುಂಬಾರರ ಮಗ. ಹುಲ್ಲಿನ ಗುಡಿಸಲು ಕಟ್ಟಿಕೊಂಡಿದ್ದ. ಅವನು ಭಿಕ್ಷೆಗೆ ಹೋದಾಗ ಹುಲ್ಲು, ಸೌದೆ ಆರಿಸುವವರು ಬಂದು ಅದನ್ನು ಕಿತ್ತುಕೊಂಡು ಹೋದರು. ಹೀಗೆ ಮೂರು ಸಲ ಆಯಿತು. ಕುಲಕಸುಬು ಗೊತ್ತಿದ್ದವನು, ಮಣ್ಣಿನಿಂದಲೇ ಮನೆ ಮಾಡಿ ಸುಟ್ಟ. ಅದನ್ನು ಮಾಡುವಾಗ ಸಣ್ಣ ಜೀವಿಗಳು ಸಾಯುತ್ತವೆಂದು ಬುದ್ಧರು ಅದನ್ನು ಒಡೆಸಿದರು. ಧನಿಯನಿಗೆ ಮತ್ತೆ ತಲೆಯ ಮೇಲೆ ಸೂರಿಲ್ಲ.

ಆಗ ಅವನು ರಾಜನ ಮರದ ಉಗ್ರಾಣಕ್ಕೆ ಹೋದ. ಅಲ್ಲಿದ್ದದ್ದು ನಗರದ ದುರಸ್ತಿಗೆಂದು ಕಾದಿಟ್ಟ ಮರ. ರಾಜ ನನಗೆ ಕೊಟ್ಟಿದ್ದಾನೆ ಎಂದು ಕಾವಲುಗಾರನಿಗೆ ಹೇಳಿ ಮರ ಒಯ್ದು ಮನೆ ಕಟ್ಟಿಕೊಂಡ. ಮಂತ್ರಿ ವಸ್ಸಕಾರ ಬಂದು ನೋಡಿದಾಗ ಮರ ಇಲ್ಲ. ಕಟ್ಟಿಹಾಕಿ ಎಳೆದೊಯ್ದದ್ದು ಕಾವಲುಗಾರನನ್ನು. ಅದನ್ನು ಕಂಡ ಧನಿಯ ತಾನೇ ಬಿಂಬಿಸಾರನ ಮುಂದೆ ಹೋದ. ನಾನು ಯಾವಾಗ ಕೊಟ್ಟೆ ಎಂದು ರಾಜ ಕೇಳಿದ. ನಿಮ್ಮ ಪಟ್ಟಾಭಿಷೇಕದ ದಿನ ಹುಲ್ಲು, ಕಟ್ಟಿಗೆ, ನೀರು ಶ್ರಮಣರಿಗೂ ಬ್ರಾಹ್ಮಣರಿಗೂ ಸಲ್ಲುತ್ತದೆ ಎಂದು ಸಾರಿದ್ದಿರಲ್ಲ ಎಂದ ಧನಿಯ. ಬಿಂಬಿಸಾರನ ಉತ್ತರ ನೇರವಾಗಿತ್ತು: ಆ ಮಾತು ಆಡಿದ್ದು ನಿಜ, ಆದರೆ ಅದು ಕಾಡಿನಲ್ಲಿ ಯಾರ ಸ್ವತ್ತೂ ಅಲ್ಲದೆ ಬಿದ್ದಿರುವುದರ ಬಗ್ಗೆ, ಸೂಕ್ಷ್ಮ ಮನಸ್ಸಿನವರಿಗೆ ಹೇಳಿದ್ದು, ಉಗ್ರಾಣದ ಮರಕ್ಕೆ ಅಲ್ಲ.

ಧನಿಯ ದುಷ್ಟನಲ್ಲ. ಅವನಿಗಿದ್ದ ಅಗತ್ಯ ನಿಜವಾದದ್ದು. ರಾಜನ ಮಾತೂ ಇತ್ತು. ಅವನು ಮಾಡಿದ್ದು ಇಷ್ಟೇ: ಕೊಟ್ಟ ಮಾತನ್ನು ತನಗೆ ಬೇಕಾದಷ್ಟು ಎಳೆದು ದೊಡ್ಡದು ಮಾಡಿದ. ಅದಕ್ಕೆ ಹಗ್ಗ ಬಿಗಿದದ್ದು ಇನ್ನೊಬ್ಬ ಕೂಲಿಯಾಳಿನ ಕೈಗೆ. ಈ ಪ್ರಸಂಗದ ನಂತರ ಬುದ್ಧರು ನಿಯಮ ಮಾಡಿದರು. ಹಾಗೆ ಮಾಡುವ ಮುನ್ನ, ಹಿಂದೆ ನ್ಯಾಯಾಧಿಕಾರಿಯಾಗಿದ್ದ ಒಬ್ಬ ಭಿಕ್ಖುವನ್ನು ಕರೆದು, ಎಷ್ಟು ಬೆಲೆಯ ಕಳವಿಗೆ ರಾಜ ಶಿಕ್ಷೆ ಕೊಡುತ್ತಾನೆ ಎಂದು ವಿಚಾರಿಸಿದರು. ಧಮ್ಮ ನಾಡಿನ ಕಾನೂನಿಗೆ ಬೆನ್ನು ತಿರುಗಿಸಿ ಕೂರಲಿಲ್ಲ ಎನ್ನುವುದನ್ನು ನಾವು ಗಮನಿಸಬೇಕು. ಧನಿಯನ ಮೇಲೆ ಆ ದೋಷ ಹೊರಿಸಲಿಲ್ಲ. ಅವನು ಮಾಡಿದಾಗ ನಿಯಮವೇ ಇರಲಿಲ್ಲ. ಶೀಲ ಇರುವುದು ಮುಂದಿನ ಹೆಜ್ಜೆಗಾಗಿ.

*3. ಲೈಸೆನ್ಸ್ ಎಂದರೆ ಏನು ಕೊಟ್ಟರು?*

ಈಗ ತಂತ್ರಾಂಶಕ್ಕೆ ಬರೋಣ. ಅಂಗಡಿಯಲ್ಲಿ ದುಡ್ಡು ಕೊಟ್ಟ ಮೇಲೆ ತಂತ್ರಾಂಶವೇ ನಮ್ಮದಾಯಿತು ಎಂದುಕೊಳ್ಳುತ್ತೇವೆ. ಕನ್ನಡದಲ್ಲಿ 'ಕೊಳ್ಳು' ಎಂದರೆ ತೆಗೆದುಕೊಳ್ಳುವುದೂ ಹೌದು, ಖರೀದಿಸುವುದೂ ಹೌದು, ಅದರಿಂದಲೂ ಗೊಂದಲ. ನಿಜವಾಗಿ ನಾವು ಕೊಂಡದ್ದು ಪರವಾನಗಿ, ಅಂದರೆ ಅಪ್ಪಣೆ. ಎಷ್ಟು ಕಂಪ್ಯೂಟರ್, ಎಷ್ಟು ಜನ, ಎಷ್ಟು ದಿನ ಎಂದು ಆ ಅಪ್ಪಣೆಯಲ್ಲಿ ಬರೆದಿರುತ್ತದೆ.

ಒಂದು ಪುಸ್ತಕ ಕೊಂಡು ನಿಮಗೆ ಓದಲು ಕೊಟ್ಟರೆ ನನ್ನ ಕೈ ಖಾಲಿಯಾಗುತ್ತದೆ. ತಂತ್ರಾಂಶವನ್ನು ಎರಡನೆಯ ಕಂಪ್ಯೂಟರಿಗೆ ಹಾಕಿದಾಗ ನನ್ನದು ನನ್ನಲ್ಲೇ ಇದ್ದು ಇನ್ನೊಂದು ಪ್ರತಿ ಹುಟ್ಟುತ್ತದೆ. ಮೊದಲನೆಯದು ಎರವಲು, ಎರಡನೆಯದು ಪ್ರತಿ ಮಾಡುವುದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇಟ್ಟಿದೆ. ಕತೆಗಾರನಿಗೆ ಕತೆಯ ಮೇಲೆ ಇರುವ ಹಕ್ಕು ಪ್ರೋಗ್ರಾಂ ಬರೆದವರಿಗೂ ಇದೆ. ಕೊಂಡವನು ತನ್ನ ಬಳಕೆಗಾಗಿ ಹಾಕಿಕೊಳ್ಳಲು, ಹಾಳಾದೀತೆಂದು ಒಂದು ಬ್ಯಾಕಪ್ ಇಟ್ಟುಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ. ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವುದು 63ಬಿ ಕಲಂ ಪ್ರಕಾರ ಅಪರಾಧ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿಲ್ಲದಿದ್ದರೆ ಜೈಲು ವಿಧಿಸದೆ ದಂಡಕ್ಕೇ ಬಿಡಲು ನ್ಯಾಯಾಲಯಕ್ಕೆ ಅಧಿಕಾರ ಇದೆ. ಮನೆಬಳಕೆಯನ್ನೂ ವ್ಯಾಪಾರವನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಆದರೆ ಮನೆಬಳಕೆ ತಪ್ಪೇ ಅಲ್ಲ ಎಂದೂ ಹೇಳಿಲ್ಲ.

*4. ಮನೆಯವರ ನಡುವೆ ನಂಬಿಕೆ*

"ಮನೆಯೊಳಗಿನ ವಿಷಯ ತಾನೆ?" ಎಂಬ ಮಾತಿನಲ್ಲಿ ಸತ್ಯವಿದೆ. ವಿನಯದಲ್ಲೇ 'ನಂಬಿಕೆಯ ಮೇಲೆ ತೆಗೆದುಕೊಳ್ಳುವುದು' ಎಂಬ ಅವಕಾಶ ಉಂಟು. ಅದಕ್ಕೆ ಐದು ಗುರುತು: ಅವರು ಪರಿಚಿತರಾಗಿರಬೇಕು, ಆಪ್ತರಾಗಿರಬೇಕು, ಆ ಬಗ್ಗೆ ಮೊದಲೇ ಮಾತಾಗಿರಬೇಕು, ಅವರು ಬದುಕಿರಬೇಕು, ನಾನು ತೆಗೆದುಕೊಂಡರೆ ಅವರಿಗೆ ಸಂತೋಷವಾಗುತ್ತದೆ ಎಂದು ನನಗೆ ತಿಳಿದಿರಬೇಕು. ಅಕ್ಕನ ಸೀರೆ ತಂಗಿ ಉಡುವುದು, ಅಣ್ಣನ ಬೈಕು ತಮ್ಮ ಒಯ್ಯುವುದು ಇದೇ ಲೆಕ್ಕದಲ್ಲಿ. ಪ್ರತಿ ಸಲ ಕೇಳಬೇಕಿಲ್ಲ.

ಆದರೆ ಈ ನಂಬಿಕೆ ಕೆಲಸ ಮಾಡುವುದು ವಸ್ತುವಿನ ಒಡೆಯರ ಜೊತೆ. ಮಗನ ಲ್ಯಾಪ್‌ಟಾಪ್ ಮಗನದು; ಅವನು ತಂಗಿಗೆ ಅದನ್ನೇ ಕೊಟ್ಟು "ಸಂಜೆ ಎರಡು ಗಂಟೆ ಕೂತು ಬರಿ" ಎಂದರೆ ಯಾವ ದೋಷವೂ ಇಲ್ಲ. ಎರಡನೆಯ ಪ್ರತಿ ಹುಟ್ಟಿಸುವ ಅಪ್ಪಣೆ ಮಾತ್ರ ಅವನ ಬಳಿ ಇಲ್ಲ. ತನ್ನಲ್ಲಿ ಇಲ್ಲದ್ದನ್ನು ಅವನು ಪ್ರೀತಿಯಿಂದಲೂ ಕೊಡಲಾರ. ಅನ್ನದ ಪಾತ್ರೆ ನಮ್ಮದು, ಹಂಚಿಕೊಂಡೆವು. ಇಲ್ಲಿ ಹಂಚುತ್ತಿರುವುದು ಪಕ್ಕದ ಮನೆಯ ಪಾತ್ರೆಯನ್ನು.

ಇದೇ ಮಾತು ನಮ್ಮ ಮನೆಯಲ್ಲೂ ಬಂತು. ಮೇಲಿನ ಅಂತಸ್ತಿನಲ್ಲಿರುವ ನನ್ನ ತಮ್ಮ ನನ್ನ ಆಫೀಸ್ ಕೀ ಕೇಳಿದ. ಅದು ಒಂದೇ ಯಂತ್ರದ್ದು ಎಂದೆ. "ಅಕ್ಕ, ಒಡಹುಟ್ಟಿದವರ ಮಧ್ಯೆ ಇದಕ್ಕೂ ಲೆಕ್ಕವೇ?" ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ಎರಡು ದಿನ ಮಾತು ಕಡಿಮೆಯಾಯಿತು. ನನಗೂ ಸಂಕಟವೇ. ಆಮೇಲೆ ಇಬ್ಬರೂ ಕೂತು ನೋಡಿದೆವು. ಮೈಕ್ರೋಸಾಫ್ಟ್ 365ರಲ್ಲಿ ಫ್ಯಾಮಿಲಿ ಯೋಜನೆ ಇದೆ. ಕೊಂಡವರೂ ಸೇರಿ ಆರು ಜನ ಬಳಸಬಹುದು, ಪ್ರತಿಯೊಬ್ಬರಿಗೂ ಬೇರೆ ಖಾತೆ. ನಾನು, ನನ್ನ ಮನೆಯವರು, ಮಗ, ತಮ್ಮ, ನಾದಿನಿ, ಅವರ ಮಗಳು: ಲೆಕ್ಕಕ್ಕೆ ಸರಿಯಾಗಿ ಆರು. ವರ್ಷದ ಹಣವನ್ನು ಎರಡು ಮನೆ ಅರ್ಧರ್ಧ ಹಾಕಿದೆವು. ತಮ್ಮ ಈಗಲೂ ನನ್ನನ್ನು 'ಶೀಲದ ಅಕ್ಕ' ಎಂದು ರೇಗಿಸುತ್ತಾನೆ, ರೇಗಿಸಲಿ.

*5. ಐದು ಅಂಗಗಳಿಂದ ಪರೀಕ್ಷೆ*

ಈ ಶೀಲ ಮುರಿಯಿತೇ ಎಂದು ನೋಡಲು ಅಟ್ಠಕಥೆಗಳು ಐದು ಅಂಗಗಳನ್ನು ಹೇಳುತ್ತವೆ: ವಸ್ತು ಪರರದಾಗಿರಬೇಕು, ಪರರದು ಎಂಬ ಅರಿವು ಇರಬೇಕು, ಕಳ್ಳ ಮನಸ್ಸು ಇರಬೇಕು, ಪ್ರಯತ್ನ ಇರಬೇಕು, ಆ ಪ್ರಯತ್ನದಿಂದ ವಸ್ತು ಕೈ ಸೇರಬೇಕು. ಐದೂ ಕೂಡಿದಾಗ ಶೀಲ ಭಂಗ.

ಈ ಕಾರಣಕ್ಕೆ, ಅಂಗಡಿಯವನು ಏನು ಹಾಕಿಕೊಟ್ಟನೋ ತಿಳಿಯದ ಹಳ್ಳಿಯ ಹುಡುಗನನ್ನು ಕಳ್ಳ ಎನ್ನಬೇಡಿ. ಅವನಿಗೆ ಎರಡನೆಯ ಅಂಗವೇ ಇಲ್ಲ. ಇಂದು ಈ ಪಾಠ ಓದಿದ ನಮಗೆ ಆ ನೆಪ ಇಲ್ಲ.

ಯಾರಾದರೂ ಹೀಗೆ ವಾದಿಸಬಹುದು: ಪ್ರತಿ ಮಾಡಿದರೆ ಒಡೆಯನ ವಸ್ತು ಅವನಲ್ಲೇ ಇರುತ್ತದೆ, ಆದ್ದರಿಂದ ಇದು ಹಸು ಹೊಡೆದುಕೊಂಡು ಹೋದಂತೆ ಅಲ್ಲ. ಒಪ್ಪುತ್ತೇನೆ, ಎರಡರ ತೂಕ ಒಂದೇ ಅಲ್ಲ. ಆದರೆ ಶೀಲದ ಪದ 'ಒಡೆಯ ಕಳೆದುಕೊಂಡದ್ದು' ಎನ್ನುವುದಿಲ್ಲ, 'ಕೊಡದ್ದು' ಎನ್ನುತ್ತದೆ. ಇನ್ನೊಂದು ವಿಷಯ. ತಂತ್ರಾಂಶ ಹಾಕುವಾಗ ಒಂದು ಪುಟ ಬರುತ್ತದೆ. 'ಒಪ್ಪುತ್ತೇನೆ' ಎಂಬ ಗುಂಡಿ ಒತ್ತಿದರೆ ಮಾತ್ರ ಮುಂದೆ ಹೋಗುತ್ತದೆ. ಆ ಗುಂಡಿ ನಮ್ಮ ಮಾತು. ಒಂದೇ ಯಂತ್ರಕ್ಕೆ ಎಂದು ಒಪ್ಪಿ ಎರಡಕ್ಕೆ ಹಾಕಿದರೆ ಎರಡನೆಯ ಶೀಲದ ವಾದ ಹೇಗೇ ಮುಗಿಯಲಿ, ನಾಲ್ಕನೆಯ ಶೀಲ ಬಾಗಿಲಲ್ಲಿ ನಿಂತಿರುತ್ತದೆ. ಸುಳ್ಳು ನಾಲಿಗೆಯಿಂದಲೇ ಆಗಬೇಕಿಲ್ಲ, ಬೆರಳಿನಿಂದಲೂ ಆಗುತ್ತದೆ.

*6. "ಅವರು ಕೋಟ್ಯಧಿಪತಿಗಳು, ನಾವು ಬಡವರು"*

ಇದು ಬಳಗದಲ್ಲಿ ಜೋರಾಗಿ ಬಂದ ಮಾತು. ದೊಡ್ಡ ಕಂಪನಿಗೆ ನಮ್ಮ ಒಂದು ಪ್ರತಿಯಿಂದ ಏನೂ ಆಗದು ಎನ್ನುವುದು ನಿಜ. ಜ್ಞಾನದ ಬಾಗಿಲನ್ನು ಶತಮಾನಗಳ ಕಾಲ ನಮಗೆ ಮುಚ್ಚಿದ್ದರು, ಈಗ ಸಿಕ್ಕಿದ್ದನ್ನು ಬಿಡಬೇಕೇ ಎನ್ನುವ ಸಿಟ್ಟೂ ನಿಜ. ಆ ಸಿಟ್ಟಿಗೆ ಬಾಬಾಸಾಹೇಬರು ತೋರಿಸಿದ ದಾರಿ ಯಾವುದು?

ಮಹಾಡ್ ನೆನಪಿಸಿಕೊಳ್ಳಿ. 1927ರ ಮಾರ್ಚ್ 20ರಂದು ಅವರು ಚವದಾರ್ ಕೆರೆಯ ನೀರು ಕುಡಿದರು. ಅದು ಕೊಡದ್ದನ್ನು ತೆಗೆದುಕೊಂಡದ್ದಲ್ಲ. 1923ರಲ್ಲಿ ಬೋಲೆಯವರ ಠರಾವು ಬಾಂಬೆ ವಿಧಾನ ಪರಿಷತ್ತಿನಲ್ಲಿ ಪಾಸಾಗಿತ್ತು. 1924ರಲ್ಲಿ ಮಹಾಡ್ ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಕಾನೂನು ಕೊಟ್ಟಿತ್ತು, ಜಾತಿ ತಡೆದಿತ್ತು. ಬಾಬಾಸಾಹೇಬರು ಹಗಲು ಹೊತ್ತಿನಲ್ಲಿ, ಸಾವಿರಾರು ಜನರ ಜೊತೆ, ತಲೆ ಎತ್ತಿ ಹೋದರು. ರಾತ್ರಿ ಕದ್ದು ಒಂದು ಕೊಡ ತರುವುದು ಸುಲಭವಿತ್ತು. ಆದರೆ ಕದ್ದ ನೀರಿನಿಂದ ಬಾಯಾರಿಕೆ ತೀರುತ್ತದೆಯೇ ಹೊರತು ಹಕ್ಕು ಸಿಗುವುದಿಲ್ಲ. ಮುಂದೆ ಮೊಕದ್ದಮೆ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲೂ ಗೆಲುವಾಯಿತು.

ಇನ್ನೊಂದು ನೆನಪು. ಕೊಡದ್ದನ್ನು ತೆಗೆದುಕೊಳ್ಳುವುದು ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಅಜ್ಜಂದಿರ ಬಿಟ್ಟಿ ಚಾಕರಿಯನ್ನು ಊರು ತಲೆತಲಾಂತರ ತೆಗೆದುಕೊಂಡಿತು. 'ಪದ್ಧತಿ' ಎಂದು ಹೆಸರಿಟ್ಟಿತು. ಮಹಾರ್ ವತನದ ವಿರುದ್ಧ ಬಾಬಾಸಾಹೇಬರು 1928ರಲ್ಲಿ ಮಸೂದೆ ತಂದದ್ದು ಇದೇ ಕಾರಣಕ್ಕೆ. ತಂತ್ರಾಂಶವೂ ಯಾರದ್ದೋ ದುಡಿಮೆ. ಬೆಂಗಳೂರಿನಲ್ಲಿ ಕೋಡ್ ಬರೆಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಎಲ್ಲ ತಂತ್ರಾಂಶವೂ ದೊಡ್ಡ ಕಂಪನಿಯದಲ್ಲ. ಇಬ್ಬರು ಮೂವರು ಸೇರಿ ಮಾಡಿ ಮಾರುವವರೂ ಇದ್ದಾರೆ. 'ದುಡಿದವನಿಗೆ ಸಲ್ಲಬೇಕು' ಎಂಬ ಮಾತನ್ನು ನಮಗೆ ಬೇಕಾದಾಗ ಎತ್ತಿ, ಬೇಡವಾದಾಗ ಇಳಿಸಲು ಬರುವುದಿಲ್ಲ. ಬೆಲೆ ಹೆಚ್ಚೆನಿಸಿದರೆ ಹೆಚ್ಚು ಎಂದು ಬಾಯಿಬಿಟ್ಟು ಹೇಳೋಣ. ಸರ್ಕಾರಿ ಕಾಲೇಜುಗಳಲ್ಲಿ ಮುಕ್ತ ತಂತ್ರಾಂಶ ಬೇಕೆಂದು ಒತ್ತಾಯಿಸೋಣ. ಕೇರಳದ ಸರ್ಕಾರಿ ಶಾಲೆಗಳು ಗ್ನೂ/ಲಿನಕ್ಸ್ ಮೇಲೆ ಪಾಠ ನಡೆಸುತ್ತಿವೆ. ಅದು ಮಹಾಡಿನ ದಾರಿ.

*7. ಹಾಗಾದರೆ ಆ ಹುಡುಗಿ ಏನು ಮಾಡಬೇಕು?*

'ಬೇಡ' ಎಂದಷ್ಟೇ ಹೇಳಿ ಕೈ ತೊಳೆದುಕೊಂಡರೆ ಅದು ಶೀಲವಲ್ಲ, ಸೋಮಾರಿತನ. ಕರುಣೆ ಇಲ್ಲದ ಶೀಲ ಒಣ ಕಟ್ಟಿಗೆ. ನಾನು ಆ ತಾಯಿಗೆ ಹೇಳಿದ ದಾರಿಗಳು ಇವು, ನಿಮಗೂ ಉಪಯೋಗವಾಗಬಹುದು.

ಒಂದು, ಲಿಬ್ರೆ ಆಫೀಸ್. ಉಚಿತ, ಎಷ್ಟು ಕಂಪ್ಯೂಟರಿಗಾದರೂ ಹಾಕಬಹುದು, ಪ್ರತಿ ಮಾಡಿ ಹಂಚಲೂ ಪರವಾನಗಿಯೇ ಅಪ್ಪಣೆ ಕೊಡುತ್ತದೆ. ವರ್ಡ್ ಕಡತ ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೂ ಆಗುತ್ತದೆ. ಸಲ್ಲಿಸುವ ಮುನ್ನ ಪಿ.ಡಿ.ಎಫ್. ಮಾಡಿಕೊಂಡರೆ ಪುಟಗಳು ಅಲುಗಾಡುವುದಿಲ್ಲ.

ಎರಡು, ಕನ್ನಡಕ್ಕೆ ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಸರ್ಕಾರ ಉಚಿತವಾಗಿ ಕೊಟ್ಟದ್ದು. ಬರೆಯುವಾಗ ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ಫಾಂಟಿನಲ್ಲಿ ಬರೆದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಕಲಸಿಹೋಗುತ್ತದೆ.

ಮೂರು, ಅಂತರ್ಜಾಲ ಇದ್ದರೆ ವರ್ಡ್‌ನ ವೆಬ್ ರೂಪ, ಗೂಗಲ್ ಡಾಕ್ಸ್ ಎರಡೂ ಉಚಿತ. ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಇಮೇಲ್ ಕೊಟ್ಟಿದ್ದರೆ ಅದರ ಮೇಲೆ ಏನು ಸಿಗುತ್ತದೆ ಎಂದು ಕಚೇರಿಯಲ್ಲಿ ಕೇಳಿ. ಡಿಪ್ಲೊಮಾ, ಎಂಜಿನಿಯರಿಂಗ್ ಮಕ್ಕಳಿಗೆ ಆಟೋಕ್ಯಾಡ್ ವಿದ್ಯಾರ್ಥಿ ಆವೃತ್ತಿ ಉಚಿತ. ಬಿ.ಕಾಂ. ಮಕ್ಕಳು ಟ್ಯಾಲಿಯನ್ನು ಶೈಕ್ಷಣಿಕ ವಿಧಾನದಲ್ಲಿ ಹಣ ಕೊಡದೆ ಕಲಿಯಬಹುದು. ತಿಂಗಳ ಕೆಲವೇ ತಾರೀಖುಗಳಲ್ಲಿ ನಮೂದು ಮಾಡಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು.

ನಾಲ್ಕು, ಕೊಳ್ಳಲೇಬೇಕಾದರೆ ಕುಟುಂಬ ಯೋಜನೆ ಕೊಳ್ಳಿ. ಆಪಲ್‌ನಲ್ಲೂ ಗೂಗಲ್ ಪ್ಲೇನಲ್ಲೂ ಒಬ್ಬರು ಇನ್ನೈದು ಮಂದಿಯನ್ನು ಸೇರಿಸಿಕೊಳ್ಳಬಹುದು. ಆದರೆ ಓದಿ ನೋಡಿ. ಕೆಲವು ಯೋಜನೆಗಳು ಒಂದೇ ಸೂರಿನಡಿ ಇರುವವರನ್ನಷ್ಟೇ ಕುಟುಂಬ ಎನ್ನುತ್ತವೆ. ದೂರದ ಊರಿನ ಭಾವಮೈದುನ ಅದರಲ್ಲಿ ಬರುವುದಿಲ್ಲ.

ಐದು, 'ಕ್ರ್ಯಾಕ್' ಹಾಕಿಸುವ ಅಂಗಡಿಗೆ ಹೋಗಲೇಬೇಡಿ. ಶೀಲದ ಮಾತು ಬದಿಗಿರಲಿ. ಅದರ ಜೊತೆ ವೈರಸ್ ಬಂದು ಬ್ಯಾಂಕಿನ ಪಾಸ್‌ವರ್ಡ್, ಬರೆದಿಟ್ಟ ವರದಿ ಎರಡಕ್ಕೂ ಕುತ್ತು ತರಬಹುದು.

ನಮ್ಮ ಬಳಗವೇ ಮಾಡಬಹುದಾದ ಒಂದು ಕೆಲಸವೂ ಇದೆ. ಲಿಬ್ರೆ ಆಫೀಸ್ ತುಂಬಿದ ಒಂದು ಪೆನ್‌ಡ್ರೈವ್ ವಿಹಾರದ ಕಪಾಟಿನಲ್ಲಿರಲಿ. ಬೇಕಾದವರು ಒಯ್ದು ಹಾಕಿಕೊಂಡು ವಾಪಸ್ ಇಡಲಿ. ಹಂಚಲೆಂದೇ ಮಾಡಿದ್ದನ್ನು ಹಂಚುವುದು ದಾನ.

*8. ಪಿ.ಡಿ.ಎಫ್. ಬಗ್ಗೆ ಒಂದು ಮಾತು*

ಈ ಗುಂಪಿನಲ್ಲಿ ಪುಸ್ತಕಗಳ ಪಿ.ಡಿ.ಎಫ್. ಓಡಾಡುವುದರಿಂದ ಇದನ್ನೂ ಹೇಳುತ್ತೇನೆ. ಬಾಬಾಸಾಹೇಬರು ತೀರಿಕೊಂಡದ್ದು 1956ರಲ್ಲಿ. ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುವುದರಿಂದ, ಅವರು ಬದುಕಿದ್ದಾಗ ಪ್ರಕಟವಾದ ಬರಹಗಳ ಕೃತಿಸ್ವಾಮ್ಯ 2016ರ ಕೊನೆಗೆ ಮುಗಿದಿದೆ. ಅವನ್ನು ಧಾರಾಳವಾಗಿ ಹಂಚಿ. ಆದರೆ ಈಚಿನ ಕನ್ನಡ ಅನುವಾದದ ಹಕ್ಕು ಅನುವಾದಕರದು, ಪ್ರಕಾಶಕರದು. ನಮ್ಮ ಚಳವಳಿಯ ಸಣ್ಣ ಪ್ರಕಾಶನಗಳು ಸಾಲ ಮಾಡಿ ಅಚ್ಚು ಹಾಕುತ್ತವೆ. ಅವರ ಹೊಸ ಪುಸ್ತಕವನ್ನು ಸ್ಕ್ಯಾನ್ ಮಾಡಿ ಇಲ್ಲಿ ಹಾಕಬೇಡಿ. ಒಂದು ಪ್ರತಿ ಕೊಂಡು ವಿಹಾರದ ಗ್ರಂಥಾಲಯಕ್ಕೆ ಕೊಡಿ.

*ಸಾರ*

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ತತ್ತ್ವವನ್ನೂ ನಿಯಮವನ್ನೂ ಬೇರೆ ಮಾಡಿ ತೋರಿಸುತ್ತಾರೆ. ಆ ಬೆಳಕಿನಲ್ಲಿ ನೋಡಿದರೆ, ಎರಡನೆಯ ಶೀಲ ಪೊಲೀಸರ ಭಯಕ್ಕೆ ಪಾಲಿಸುವ ನಿಯಮವಲ್ಲ. ಯಾರಿಂದ ಏನು ಪಡೆದರೂ ಕೊಟ್ಟವರ ಕಣ್ಣಿಗೆ ಕಣ್ಣಿಟ್ಟು ನೋಡುವಂತೆ ಪಡೆಯಬೇಕು ಎನ್ನುವ ತತ್ತ್ವ.

*ಇಂದಿನ ಅಭ್ಯಾಸ*

ಇಂದು ಸಂಜೆ ನಿಮ್ಮ ಫೋನು, ಕಂಪ್ಯೂಟರ್ ತೆರೆದು ಕೂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಇರುವುದನ್ನು ನನಗೆ ಯಾರು ಕೊಟ್ಟರು? ಕೊಟ್ಟವರಿಗೆ ಕೊಡುವ ಅಧಿಕಾರ ಇತ್ತೇ? ಇದರ ಬದಲು ಮುಕ್ತವಾಗಿ ಸಿಗುವುದು ಇದೆಯೇ? ಉತ್ತರವನ್ನು ಗುಂಪಿನಲ್ಲಿ ಹಾಕಬೇಕಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ಅವರಿಗೆ ನಮಗಿಂತ ಬೇಗ ತಿಳಿಯುತ್ತದೆ. ಲಿಬ್ರೆ ಆಫೀಸ್ ಹಾಕಿಕೊಳ್ಳಲು ಸಹಾಯ ಬೇಕಾದವರು ಭಾನುವಾರ ವಂದನೆಯ ನಂತರ ಲ್ಯಾಪ್‌ಟಾಪ್ ತನ್ನಿ, ಕೂತು ಮಾಡೋಣ.

ನಾಳೆಯ ಪಾಠ: ಸಮ್ಯಕ್ ಆಜೀವ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.